ಅಟ್ಟ ಬೆವರುವ ಮನೆ

ಶ್ರೀಗಂಧದ ಕಾವಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮರಗಳ ನೆನಪಾಗುವುದು ಸಹಜ. ಇಂದು ಅಲ್ಲಿ ಕಾಣುವುದು ಬಹುಪಾಲು ಕಟ್ಟಡಗಳೇ. ಆದರೂ ಆ ಸುತ್ತಿನ ಮಲ್ಲತ್ತಹಳ್ಳಿ, ಹೇರೋಹಳ್ಳಿ, ಸುಂಕದಕಟ್ಟೆಗಳಂತಹ ಹಳೆಯ ಊರುಗಳಲ್ಲಿ ಮೂರು ನಾಲ್ಕು ಅಂತಸ್ತುಗಳ ನಡುವೆ ತಲೆತಗ್ಗಿಸಿ ನಿಂತ ಹಿರಿಯರ ಕಾಲದ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಇಂತಹ ಮನೆಗಳವರು ಪುಷ್ಯ ಮಾಸದ ಬೆಳಗಿನಲ್ಲಿ ಒಂದು ವಿಚಿತ್ರವನ್ನು ಕಾಣುವುದುಂಟು. ವಾರಗಟ್ಟಲೆ ಮಳೆಯಿಲ್ಲ, ಅಟ್ಟದಿಂದ ಮಾತ್ರ ನೀರು ತೊಟ್ಟಿಕ್ಕುತ್ತದೆ. ಸೂರು ಸೋರುತ್ತಿದೆಯೆಂದು ಬಗೆದು ಗಾರೆಯವರನ್ನು ಕರೆಸುತ್ತಾರೆ, ಡಾಂಬರು ಬಳಿಸುತ್ತಾರೆ, ಬಣ್ಣ ಹೊಡೆಸುತ್ತಾರೆ. ಮರುವರ್ಷ ಅದೇ ಕಥೆ. ಕೊನೆಗೆ, "ಈ ಮನೆಗೆ ಆಯುಷ್ಯ ಮುಗಿಯಿತು, ಕೆಡವಿಬಿಡೋಣ" ಎಂಬ ಮಾತು ಹೊರಡುತ್ತದೆ. ಆ ಮಾತು ಆಡುವ ಮುನ್ನ ಬಂಧುಗಳು ತುಸು ತಾಳಬೇಕೆಂದು ನಮ್ಮ ವಿನಂತಿ. ಅಲ್ಲಿ ಸೋರಿಕೆಯೇ ಇಲ್ಲದಿರಬಹುದು.

ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬು ಹೊರಮೈಯಲ್ಲಿ ಬೆವರುವುದನ್ನು ಎಲ್ಲರೂ ಬಲ್ಲರು. ಅಟ್ಟದಲ್ಲಿ ನಡೆಯುವುದೂ ಅದೇ. ೨೫ ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು ೨೩ ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ೧೫ ಡಿಗ್ರಿಗೆ ಇಳಿದರೆ ೧೩ ಗ್ರಾಂ ಮಾತ್ರ. ಉಳಿದುದು ತಣ್ಣನೆಯ ಮೈ ಸಿಕ್ಕಿದಲ್ಲಿ ಹನಿಯಾಗಿ ಕೂಡುತ್ತದೆ. ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳು ಆಗಾಗ ೧೫ ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಮೋಡವಿಲ್ಲದ ರಾತ್ರಿ ಸೂರು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣಿಯುತ್ತದೆ. ತೆಳುವಾದ ಜಿಂಕ್ ತಗಡಂತೂ ಬಹುಬೇಗ ತಣಿಯುವಂಥದು.

ಇಷ್ಟು ನೀರು ಎಲ್ಲಿಂದ ಬಂತು? ಸ್ನಾನದ ಬಿಸಿನೀರು, ಒಳಗೆ ಒಣಹಾಕಿದ ಬಟ್ಟೆ, ಮಲಗಿದವರ ಉಸಿರು ಇವೆಲ್ಲ ಸರಿಯೇ. ಅನೇಕರು ಅರಿಯದ ಇನ್ನೊಂದು ಮೂಲವಿದೆ. ಅಡುಗೆ ಅನಿಲ ಉರಿದಾಗ ನೀರಾವಿ ಹುಟ್ಟುತ್ತದೆ. ೧೪.೨ ಕಿಲೋ ತೂಕದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು ೨೨ ಲೀಟರ್ ನೀರು ಹಬೆಯಾಗಿ ಮನೆಯೊಳಗೆ ಸೇರಿರುತ್ತದೆ. ಪಾತ್ರೆಯಲ್ಲಿ ಕುದಿಯುವ ನೀರಿನ ಲೆಕ್ಕ ಬೇರೆ.

ಹಿಂದಿನವರು ಹೊಗೆ ಹೋಗಲೆಂದು ಒಲೆಯ ಮೇಲೆ ಗಂಡಿ ಬಿಟ್ಟರು, ಗೋಡೆಯ ನೆತ್ತಿಯಲ್ಲಿ ಬೆಳಕಿಂಡಿ ಇಟ್ಟರು. ನಾಡಹೆಂಚಿನ ಸಂದಿನಲ್ಲಿ ಗಾಳಿಯಾಡುತ್ತಿತ್ತು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಮಂಗಳೂರು ಹೆಂಚಿನ ಸೂರಿಗೂ ಆ ಗುಣ ತಪ್ಪಲಿಲ್ಲ. ಅನಿಲದ ಒಲೆ ಬಂದು ತಾಯಂದಿರ ಕಣ್ಣುರಿ ತಪ್ಪಿತು. ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಹೊಗೆಯಿಲ್ಲವೆಂದು ಗಂಡಿಯನ್ನು ಮುಚ್ಚಿದೆವು. ಮಂಗಗಳು ಹೆಂಚು ಒಡೆದುವೆಂದು ತಗಡು ಹೊದಿಸಿದೆವು. ಸೊಳ್ಳೆಗೆ ಅಂಜಿ ಬೆಳಕಿಂಡಿಗೆ ಇಟ್ಟಿಗೆ ತುಂಬಿದೆವು. ಅಂದಕ್ಕಾಗಿ ಕೆಳಗೆ ಸೀಲಿಂಗ್ ಹೊಡೆಸಿದೆವು. ೩೦×೪೦ರ ನಿವೇಶನದ ಅಂಚಿಗೇ ಪಕ್ಕದವರ ಗೋಡೆ ಎದ್ದು ಕಿಟಕಿಗೂ ಗಾಳಿ ತಪ್ಪಿತು. ಒಂದೊಂದಕ್ಕೂ ಕಾರಣವಿತ್ತು, ಎಲ್ಲವೂ ಕೂಡಿ ಮನೆಯ ಉಸಿರು ಕಟ್ಟಿತು.

ಇದು ಕೇವಲ ಗೋಡೆಯ ಕಲೆಯ ಮಾತಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸವೇ ಮೊದಲಾದ ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೯ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮಕ್ಕಳೂ ವೃದ್ಧರೂ ಮಲಗುವ ಕೋಣೆಯ ಮೇಲೆಯೇ ಆ ಅಟ್ಟವಿರುತ್ತದೆ. ಅಲ್ಲದೆ ಅಟ್ಟವೆಂದರೆ ನಮ್ಮ ಮನೆತನಗಳ ಭಂಡಾರ. ಫ.ಗು. ಹಳಕಟ್ಟಿಯವರು ಮನೆಮನೆಗಳಿಂದ ತಾಡೋಲೆಗಳನ್ನು ಕಲೆಹಾಕಿ ೧೯೨೩ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಹೊರತಂದುದು ಸಾಧ್ಯವಾದದ್ದು ಆ ಗರಿಗಳು ಬೂಷ್ಟಿಗೂ ಹುಳುವಿಗೂ ತುತ್ತಾಗದೆ ಉಳಿದಿದ್ದರಿಂದ. ತಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಏನಿದೆಯೆಂದು ಎಷ್ಟು ಮನೆಯವರು ಈಚೆಗೆ ನೋಡಿದ್ದಾರೆ?

ಸೋರಿಕೆಯೋ ಬೆವರೋ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಮಳೆ ಬಂದ ಮೇಲೆ ಒಂದೇ ಸ್ಥಳದಲ್ಲಿ ಕಂದು ಅಂಚಿನ ಕಲೆ ಮೂಡಿದರೆ ಅದು ಬಹುಮಟ್ಟಿಗೆ ಸೋರಿಕೆ. ಚಳಿಯ ಮುಂಜಾನೆ ಸೂರಿನ ಒಳಮೈಯೆಲ್ಲ ಹನಿಗಟ್ಟಿದರೆ ಬೆವರು. ಗೋಡೆಯ ವಿಷಯದಲ್ಲಿ ಸಂಶಯವಿದ್ದರೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿರಿ. ನೀರು ಹಾಳೆಯ ಹೊರಗೆ ನಿಂತರೆ ಕೋಣೆಯ ಗಾಳಿಯದು, ಹಿಂದೆ ನಿಂತರೆ ಗೋಡೆಯೊಳಗಿನದು.

ಬೆವರೆಂದು ತಿಳಿದ ಮೇಲೆ ಬಣ್ಣಕ್ಕೆ ಹಣ ಸುರಿಯುವುದು ವ್ಯರ್ಥ. ಅಟ್ಟದ ಎದುರುಬದುರು ಗೋಡೆಗಳ ಬೆಳಕಿಂಡಿಗಳನ್ನು ಮತ್ತೆ ತೆರೆಸಿ ಸೊಳ್ಳೆಪರದೆಯ ಜಾಲರಿ ಹಾಕಿಸಬೇಕು. ಒಂದು ಕೆಳಗೆ, ಇನ್ನೊಂದು ನೆತ್ತಿಯ ಬಳಿ ಇದ್ದರೆ ಇನ್ನೂ ಲೇಸು. ಬಿಸಿಗಾಳಿ ತಾನಾಗಿ ಮೇಲೇರಿ ಹೊರಡುತ್ತದೆ. ಅಡುಗೆಮನೆ, ಬಚ್ಚಲುಮನೆಗಳ ಎಕ್ಸಾಸ್ಟ್ ಫ್ಯಾನು ಗಾಳಿಯನ್ನು ಹೊರಕ್ಕೇ ಬಿಡಬೇಕು. ಸುಲಭವೆಂದು ಅದರ ಕೊಳವೆಯನ್ನು ಸೀಲಿಂಗಿನ ಮೇಲಕ್ಕೆ ತಿರುಗಿಸುವವರಿದ್ದಾರೆ. ಇದಕ್ಕಿಂತ ಕೆಟ್ಟ ಕೆಲಸವಿಲ್ಲ. ಜಂತಿಗಳು ಭಾರ ತಾಳುವಂತಿದ್ದರೆ ತಗಡಿನ ಮೇಲೆ ಹೆಂಚು ಹೊದಿಸಬಹುದು. ಆಗ ತಗಡು ಅಷ್ಟು ತಣಿಯದು. ಹಳೆಯ ಆಸ್ಬೆಸ್ಟಾಸ್ ಶೀಟನ್ನು ಮಾತ್ರ ಯಾರೂ ಕೊರೆಯಬಾರದು, ಒಡೆಯಬಾರದು. ಅದರ ಧೂಳು ಶ್ವಾಸಕೋಶಕ್ಕೆ ಘಾತಕ.

ಗಾಳಿಯಾಡದ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟಿರುವವರು ಇದನ್ನು ಓದಿದ ದಿನವೇ ಅದನ್ನು ಹೊರಕ್ಕೆ ಹಾಕಿಸಬೇಕು. ಗಾಳಿ ಸಾಲದೆ ಉರಿದ ಅನಿಲದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಪ್ರಸಂಗಗಳು ಈ ನಗರದಲ್ಲಿಯೇ ನಡೆದಿವೆ.

ಇನ್ನು ತೊಲೆಗಳ ಮಾತು. ಮರದಲ್ಲಿ ಅದರ ಒಣ ತೂಕದ ನೂರಕ್ಕೆ ೨೦ರಷ್ಟನ್ನು ಮೀರಿ ತೇವ ನಿಂತರೆ ಕೊಳೆಯುವ ಭಯವುಂಟು. ಅನುಭವಿ ಬಡಗಿಯೊಬ್ಬರನ್ನು ಕರೆಸಿ, ಗೋಡೆಯೊಳಗೆ ಹುದುಗಿದ ತುದಿಗಳನ್ನು ದಬ್ಬಳದಿಂದ ಚುಚ್ಚಿ ನೋಡಿಸಿರಿ. ದಬ್ಬಳ ಸಲೀಸಾಗಿ ಇಳಿದರೆ ಆ ತೊಲೆಯನ್ನು ಬದಲಿಸಬೇಕು. ಒಂದು ತೊಲೆಗಾಗಿ ಇಡೀ ಮನೆಯನ್ನು ಕೆಡವಬೇಕಾಗಿಲ್ಲ. ಈ ಕೆಲಸಕ್ಕೆ ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳು ಅನುಕೂಲ. ಚಳಿ ಹೋಗಿರುತ್ತದೆ, ಮುಂಗಾರಿಗೆ ಮೊದಲಿನ ಮಳೆ ಇನ್ನೂ ಜೋರಾಗಿರುವುದಿಲ್ಲ, ತೆರೆದ ಅಟ್ಟ ಚೆನ್ನಾಗಿ ಒಣಗುತ್ತದೆ.