ಊರು ಒಂದು, ವಿಳಾಸ ಇನ್ನೊಂದು

ಪುಣೆಯಲ್ಲಿ ಹತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿರುವ ಧಾರವಾಡದವರನ್ನು ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ಧಾರವಾಡ ಎನ್ನುತ್ತಾರೆ. ಸರಿಯಾದ ಉತ್ತರವೇ. ಆದರೆ ಮತದಾರರ ಪಟ್ಟಿಯ ಅರ್ಜಿ ಊರನ್ನು ಕೇಳುವುದಿಲ್ಲ, ಈಗಿನ ವಿಳಾಸವನ್ನು ಕೇಳುತ್ತದೆ.

1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರುವಂತಿಲ್ಲ. ಇರಬೇಕಾದದ್ದು ಅವರು ‘ಸಾಮಾನ್ಯ ನಿವಾಸಿ’ಯಾಗಿರುವ ಕಡೆ. ಊರಲ್ಲಿ ಸ್ವಂತ ಮನೆಯಿದೆ ಎಂಬುದಷ್ಟೇ ಅದಕ್ಕೆ ಸಾಲದು ಎನ್ನುತ್ತದೆ 20ನೇ ಸೆಕ್ಷನ್. ತಾತ್ಕಾಲಿಕವಾಗಿ ಹೊರಗಿರುವವರ ಹೆಸರು ಊರಲ್ಲೇ ಉಳಿಯಬಹುದು. ಹಾಸ್ಟೆಲಿನ ವಿದ್ಯಾರ್ಥಿ ಮನೆ, ಹಾಸ್ಟೆಲ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಆದರೆ ಹತ್ತು ವರ್ಷದ ಸಂಸಾರವನ್ನು ತಾತ್ಕಾಲಿಕ ಎನ್ನುವುದು ಹೇಗೆ?

ಹೆಸರು ತೆಗೆಸಿದರೆ ಊರಿನ ನಂಟೇ ಕಡಿದೀತು ಎಂಬ ಅಳುಕು ಹಲವರಿಗೆ. ಆಗುವುದೇನು? ಮತದಾನದ ದಿನ ಊರಿಗೆ ಹೋಗಲು ರಜೆ ಸಿಗುವುದಿಲ್ಲ, ಸಿಕ್ಕರೆ ರೈಲಿನ ಟಿಕೆಟ್ ಸಿಗುವುದಿಲ್ಲ. ಅಲ್ಲಿಯೂ ಮತವಿಲ್ಲ, ಇಲ್ಲಿಯೂ ಇಲ್ಲ. ನಲ್ಲಿಯಲ್ಲಿ ನೀರು ಬಾರದಾಗ, ಮಗಳ ಶಾಲೆಯ ಮುಂದಿನ ರಸ್ತೆ ಅಗೆದು ಬಿಟ್ಟಾಗ ದೂರುವವರು ಇವರೇ. ವಾರ್ಡಿನ ಮತದ ಲೆಕ್ಕದಲ್ಲಿ ಮಾತ್ರ ಇವರಿಲ್ಲ.

ಊರಿನ ಹೊಲ, ವಯಸ್ಸಾದ ತಂದೆತಾಯಿ, ಅವುಗಳ ಮೇಲಿನ ಕಾಳಜಿ ಸುಳ್ಳಲ್ಲ. ಆದರೂ ಅಲ್ಲಿನ ಪ್ರತಿನಿಧಿಯನ್ನು ಆರಿಸಬೇಕಾದವರು ಅವನ ಆಡಳಿತವನ್ನು ದಿನವೂ ಅನುಭವಿಸುವವರು.

ಹೊಸದಾಗಿ ಸೇರುವವರಿಗೆ ನಮೂನೆ 6, ವಾಸ ಬದಲಿಸಿದವರಿಗೆ ನಮೂನೆ 8. ಅದನ್ನು ತುಂಬಿದ ಮರುದಿನವೂ ‘ಯಾವ ಊರು?’ ಎಂದರೆ ಧಾರವಾಡ ಎನ್ನಲು ಯಾರ ಅಡ್ಡಿಯೂ ಇಲ್ಲ.