ಪುಚ್ಚಗೆ ಬಚ್ಚಿದ್ದು ಹೇಳಿರೆ ಉದಾಸೀನ ಅಲ್ಲ

"ಪುಚ್ಚೆ ಒರಗುದೆಂತ ಹೊಸ ಶುದ್ದಿಯಾ?" ಹೇಳಿ ನಿಂಗೊ ಕೇಳ್ಲೂ ಸಾಕು. ಅಪ್ಪು, ದಿನಕ್ಕೆ 12ರಿಂದ 16 ಗಂಟೆ ಒರಗುದು ಅದರ ಕ್ರಮವೇ. ಹಾಂಗಾಗಿಯೇ ಅದಕ್ಕೆ ಸೌಖ್ಯ ಇಲ್ಲದ್ರೆ ನವಗೆ ಬೇಗ ಗೊಂತಾವುತ್ತಿಲ್ಲೆ. ಆನು ಮೋಸ ಹೋದ್ದದೂ ಅಲ್ಲಿಯೇ.

ಎಂಗಳ ಮನೆಲಿ ಇಪ್ಪದು ಗೆಂಡುಪುಚ್ಚೆ, ಹೆಸರು ಬೊಳ್ಳು. ಪ್ರಾಯ ಆರು ವರ್ಷ. ಆನು ಉದಿಯಪ್ಪಗ ಹಾಲು ಕರದು ಹಟ್ಟಿಂದ ಬಪ್ಪಗ ಕಾಲಿಂಗೆ ಸುತ್ತು ಹಾಕಿಂಡು ಒಟ್ಟಿಂಗೇ ಬಕ್ಕು. ಕಳುದ ಮಳೆಗಾಲಲ್ಲಿ ಒಂದು ದಿನ ಬಂತಿಲ್ಲೆ. ಬಚ್ಚಲೊಲೆ ಹತ್ರೆ ಮುದ್ದೆ ಆಗಿ ಮನುಗಿತ್ತಿದ್ದು. ಚಳಿಗೆ ಉದಾಸೀನ ಆದಿಕ್ಕು ಹೇಳಿ ಗ್ರೇಶಿದೆ. ಮರದಿನವೂ ಹಾಂಗೆ. ಹಾಲು-ಅಶನ ಮಡುಗಿದೆ, ಮೂಸಿಯೂ ನೋಡಿತ್ತಿಲ್ಲೆ.

ಇವರ ಹತ್ರೆ ಹೇಳಿದೆ. "ದನಕ್ಕಾದರೆ ಡಾಕ್ಟ್ರ ಬಪ್ಪಲೆ ಹೇಳ್ಲಕ್ಕು, ಪುಚ್ಚಗೆ ಎಂತ ಡಾಕ್ಟ್ರು? ನಾಳಂಗೆ ಸರಿ ಅಕ್ಕು" ಹೇಳಿದವು. ನೆರೆಕರೆಯ ಅಕ್ಕ "ಜ್ವರದ ಮಾತ್ರೆ ಅರ್ಧ ಹಾಲಿಂಗೆ ಹಾಕಿ ಕೊಡು" ಹೇಳಿದವು. ಆನು ಹಾಕಿಯೂ ಮಡುಗಿದೆ. ಪುಣ್ಯಕ್ಕೆ ಬೊಳ್ಳು ಆ ಹಾಲು ಮುಟ್ಟಿತ್ತಿಲ್ಲೆ.

ಮೂರನೇ ದಿನ ಕುರುವೆಲಿ ಬಟ್ಟೆ ಹಾಸಿ, ಅದರ ಕೂರುಸಿ, ರಿಕ್ಷಲ್ಲಿ ಪಶು ಆಸ್ಪತ್ರಗೆ ಕೊಂಡೋದೆ. ಡಾಕ್ಟ್ರು ಬೀಲದ ಬುಡಲ್ಲಿ ರೋಮ ಬಿಡುಸಿ ತೋರುಸಿದವು. ಎಳ್ಳಿನಷ್ಟು ಗಾಯ, ಒಳ ಪೂರಾ ಕೀವು. ಬೇರೆ ಗೆಂಡುಪುಚ್ಚೆ ಕಚ್ಚಿದ್ದಡ. ಪುಚ್ಚೆಯ ಹಲ್ಲು ಸೂಜಿಯ ಹಾಂಗೆ. ಮೇಗೆ ಬೇಗ ಮುಚ್ಚುತ್ತು, ಒಳ ಕೀವು ತುಂಬಿ ಜ್ವರ ಬತ್ತು. 102.5 ಡಿಗ್ರಿ ವರೆಗೆ ಪುಚ್ಚಗೆ ಸಹಜ, ಇದಕ್ಕೆ 104 ಇತ್ತಿದ್ದು. ಮಾತ್ರೆಯ ಶುದ್ದಿ ಹೇಳಿಯಪ್ಪಗ ಡಾಕ್ಟ್ರು ತಲೆಗೆ ಕೈ ಮಡುಗಿದವು. ಪ್ಯಾರಸಿಟಮಾಲ್ ನವಗೆ ಮದ್ದು, ಪುಚ್ಚಗೆ ವಿಷ. ಅದರ ಲಿವರಿಂಗೆ ಆ ಮದ್ದಿನ ಕರಗುಸಲೆ ಎಡಿತ್ತಿಲ್ಲೆ; ಒಂದು ಮಾತ್ರೆಯೇ ಜೀವ ತೆಗವಲೆ ಸಾಕು. ಕೇಳಿ ಎನ್ನ ಕೈಕಾಲು ತಣ್ಣಂಗಾತು.

ಎನ್ನ ಅಭಿಪ್ರಾಯ ಇಷ್ಟೆ: ಒರಕ್ಕು ಬೇರೆ, ಬಚ್ಚೆಲು ಬೇರೆ. ಒರಗಿದ ಪುಚ್ಚೆ ಪಾತ್ರದ ಶಬ್ದಕ್ಕೆ ಕೆಮಿ ಆಡುಸುಗು, ಎದ್ದು ಮೈ ಮುರಿಗು, ಮೈ ನಕ್ಕುಗು. ಬಚ್ಚಿದ ಪುಚ್ಚೆ ಇದೊಂದನ್ನೂ ಮಾಡ್ತಿಲ್ಲೆ, ಮೂಲೆಲಿ ಹುಗ್ಗುತ್ತು. ಒಂದು ದಿನ ಪೂರ್ತಿ ಎಂತದೂ ತಿಂದಿದಿಲ್ಲೆ ಹೇಳಿ ಆದರೆ ನಾಳಂಗೆ ಹೇಳಿ ಮಡುಗಲಾಗ. ಉಪವಾಸಲ್ಲಿ ಲಿವರೇ ಹಾಳಪ್ಪಲೂ ಸಾಕು. ವಸಡು ಬೆಳಿಯೋ ಅರಶಿನವೋ ಆದರೆ, ಬಾಯಿ ಒಡದು ಉಸುಲು ಬಿಟ್ಟರೆ, ಗೆಂಡುಪುಚ್ಚೆ ಉಚ್ಚು ಹೊಯ್ವಲೆ ತಿಣುಕಿರೆ ತಡವು ಮಾಡದ್ದೆ ಓಡೆಕ್ಕು. ಪ್ರಾಯ ಆದ ಪುಚ್ಚೆ ನೀರು ಹೆಚ್ಚು ಕುಡುದು ಬಡವಾದರೆ ಕಿಡ್ನಿ ಪರೀಕ್ಷೆ ಮಾಡುಸೆಕ್ಕು.

ದನ ಹಾಲು ಕೊಡ್ತು, ಹಾಂಗಾಗಿ ಡಾಕ್ಟ್ರು ಮನಗೇ ಬತ್ತವು. ಪುಚ್ಚೆ ಎಲಿ ಹಿಡುದು ನಮ್ಮ ಅಕ್ಕಿ ಒಳುಶಿದ್ದಕ್ಕೆ ಲೆಕ್ಕ ಬರದವು ಆರೂ ಇಲ್ಲೆ. "ಎನಗೆ ಎಡಿತ್ತಿಲ್ಲೆ" ಹೇಳುಲೆ ಅದಕ್ಕೆ ಬಾಯಿ ಇಲ್ಲೆ, ನವಗೆ ಕಣ್ಣಿದ್ದನ್ನೆ.

ಡಾಕ್ಟ್ರು ಕೀವು ತೆಗದು, ಇಂಜೆಕ್ಷನ್ ಕೊಟ್ಟು, ಏಳು ದಿನದ ಮದ್ದು ಕೊಟ್ಟವು. ಬೊಳ್ಳು ಈಗ ಹಟ್ಟಿಬಾಗಿಲಿಲಿ ಕಾದು ಕೂರ್ತು. ಆನು ಹಾಲು ತೆಕ್ಕೊಂಡು ಒಳ ಬಪ್ಪಗ ಇವು ಮದಾಲು ಕೇಳುದು, "ಅದು ಬೈಂದಾ?" ಹೇಳಿ.