ದಯಾ ಒದೆಯುವ ಬಾಗಿಲು



ಈ ಸಲದ ಸಂಪಾದಕೀಯ ಟಿ.ವಿ.ಯ ಬಗ್ಗೆ ಎಂದರೆ ನಗಬೇಡಿ. ಬಸವಕಲ್ಯಾಣ, ಹುಮನಾಬಾದ ಕಡೆಯ ಸಂಘಗಳಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಮಾತು ಎಲ್ಲಿಗೆ ಹೋಗುತ್ತದೆಂದು ನಿಮಗೂ ಗೊತ್ತು. ಹಿಂದಿ ನಮ್ಮ ಕಡೆ ಸಂತೆಯ ಮಾತೇ ಆದ್ದರಿಂದ ಸೋನಿ ಚಾನೆಲಿನ 'ಸಿ.ಐ.ಡಿ.' ನೋಡಲು ಯಾರಿಗೂ ಕಷ್ಟವಾಗಲಿಲ್ಲ. 1998ರಲ್ಲಿ ಶುರುವಾಗಿ 2018ರವರೆಗೆ ನಡೆದು, 2024ರ ಡಿಸೆಂಬರಿನಲ್ಲಿ ಮತ್ತೆ ಬಂದ ಧಾರಾವಾಹಿ ಅದು. ನನಗೂ ಅದರ ಹುಚ್ಚು ಇದೆ.

ಅದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು 2004ರ ನವೆಂಬರ್ 7ರಂದು ತೋರಿಸಿದ 'ದಿ ಇನ್‌ಹೆರಿಟೆನ್ಸ್' ಎಂಬ ಕಂತು. 111 ನಿಮಿಷ, ಒಂದೇ ಓಟದ ಚಿತ್ರೀಕರಣ. ನಡುವೆ ಎಲ್ಲೂ ಕತ್ತರಿ ಇಲ್ಲ. ಗಿನ್ನೆಸ್ ದಾಖಲೆಗೂ ಸೇರಿತು. ಯಾರೋ ಒಬ್ಬರು ಮಾತು ತಪ್ಪಿದ್ದರೂ ಎಲ್ಲವನ್ನೂ ಮೊದಲಿನಿಂದ ತೆಗೆಯಬೇಕಿತ್ತು. ಆ ಶ್ರಮಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ನೋಡುವವರಿಗೂ ಕಣ್ಣು ತಪ್ಪಿಸಲು ಬಿಡುವಿಲ್ಲ.

ಆದರೆ ಇಂಥ ಕಥೆಗಳ ಬಗ್ಗೆ ನನ್ನ ತಕರಾರು ಒಂದಿದೆ. ಅದನ್ನು ನನಗಿಂತ ಚೆನ್ನಾಗಿ ಹೇಳಿದವರು ಹುಮನಾಬಾದಿನ ಸಂಘವೊಂದರ ಹಿರಿಯ ಅಕ್ಕ. ಎ.ಸಿ.ಪಿ. ಪ್ರದ್ಯುಮನ್ ಹೇಳಿದೊಡನೆ ದಯಾ ಬಾಗಿಲು ಒದ್ದು ಮುರಿಯುತ್ತಾನಲ್ಲ, ಅದನ್ನು ನಾವೆಲ್ಲ ಮೆಚ್ಚಿ ಮಾತಾಡುತ್ತಿದ್ದೆವು. (ಆ ಪಾತ್ರದ ದಯಾನಂದ ಶೆಟ್ಟಿ ಉಡುಪಿ ಕಡೆಯವರು ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ.) ಅಕ್ಕ ಕೇಳಿದರು: "ಹೆಣ ಬಿದ್ದ ಮ್ಯಾಲೆ ಬಾಗಲಾ ಮುರದರ ಏನು ಬಂತವ್ವಾ? ಒಳಗ ಬಡೀತಿರಬೇಕಾದ್ರ ಯಾರೂ ಬಾಗಲಾ ಬಡೀಲಿಲ್ಲಲ್ಲಾ?"

ಧಾರಾವಾಹಿಯಲ್ಲಿ ಡಾಕ್ಟರ್ ಸಾಳುಂಕೆ ಒಂದು ಕೂದಲೆಳೆ ನೋಡಿ ಕೊಲೆಗಾರನನ್ನು ಹಿಡಿಸುತ್ತಾರೆ. ನಮ್ಮಲ್ಲಿ ಸುಟ್ಟ ಹೆಣ್ಣಿನ ಮುಂದೆ ಬಹಳ ಸಲ ಬರೆದದ್ದು 'ಸ್ಟೌ ಸಿಡಿದು' ಎಂಬ ಎರಡೇ ಪದ. 1990ರ ದಶಕದ ಕೊನೆಗೆ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಇಂಥ ಸಾವುಗಳ ಬೆನ್ನು ಹತ್ತಿದಾಗ ಪದೇ ಪದೇ ಎದುರಾದದ್ದು ಈ ಮಾತೇ.

ಕಾನೂನು ಕೇಳುವುದು ಬೇರೆ ಸುಳಿವನ್ನು. ಮದುವೆಯಾಗಿ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ಗಂಡನೋ ಅವನ ಕಡೆಯವರೋ ವರದಕ್ಷಿಣೆಗಾಗಿ ಹಿಂಸಿಸಿದ್ದರೆಂದು ತೋರಿಸಬೇಕು. ತೋರಿಸಿದರೆ ಸಾವಿಗೆ ಅವರೇ ಕಾರಣರೆಂದು ಕೋರ್ಟು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅವರದು. 1986ರಲ್ಲಿ ಬಂದ ಈ 304-ಬಿ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಆಗಬಹುದು. ಆ 'ಸ್ವಲ್ಪ ಮುಂಚೆ' ನಡೆದದ್ದನ್ನು ಪ್ರಯೋಗಶಾಲೆ ಹೇಳಲಾರದು. ಹೇಳಬಲ್ಲವರು ಪಕ್ಕದ ಮನೆಯವರು, ತವರಿನವರು, ಸಂಘದ ಸಭೆಯಲ್ಲಿ ಅವಳ ಕೈಮೇಲಿನ ಬರೆ ಕಂಡವರು. ಅವಳು ಬದುಕಿರುವಾಗಲೇ ಬಾಯಿಬಿಟ್ಟರೆ ಆ ಕಲಮಿನವರೆಗೆ ಹೋಗುವ ಗತಿಯೇ ಬಾರದೆ ಇರಬಹುದು.

2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆಯ 'ಬೆಲ್ ಬಜಾವೊ' ಎಂಬ ಪುಟ್ಟ ಜಾಹೀರಾತುಗಳು ಟಿ.ವಿ.ಯಲ್ಲಿ ಬಂದಿದ್ದವು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು. ಒಬ್ಬ ಹೋಗಿ ಬೆಲ್ ಒತ್ತಿ 'ಸ್ವಲ್ಪ ಹಾಲು ಸಿಗುತ್ತದಾ' ಎನ್ನುತ್ತಾನೆ. ಇನ್ನೊಂದರಲ್ಲಿ ಆಡುವ ಹುಡುಗರು ಚೆಂಡು ಕೇಳುತ್ತಾರೆ. ಅಷ್ಟೇ, ಒಳಗಿನ ಕೈ ನಿಲ್ಲುತ್ತದೆ. ಒಂದು ನಿಮಿಷದ ಆ ಚಿತ್ರವನ್ನು ನಾನು 111 ನಿಮಿಷದ ಕಂತಿಗಿಂತ ಮೇಲೆ ಇಡುತ್ತೇನೆ.

'ಅವರ ಮನೆ ವಿಷಯ, ನಮಗೇನಾದರೂ ಆದರೆ?' ಎಂಬ ಅಂಜಿಕೆ ನಿಜವಾದದ್ದು. ಅದಕ್ಕೇ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಮು ಓದಿಸಿಕೊಳ್ಳಿ. ಹಿಂಸೆ ನಡೆಯುತ್ತಿದೆ ಎಂದು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಅದಕ್ಕಾಗಿ ಕೇಸು ನಿಲ್ಲುವುದಿಲ್ಲ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಸಿ.ಡಿ.ಪಿ.ಓ. ಅವರಿಗೇ ಈ ಅಧಿಕಾರ ಕೊಡಲಾಗಿದೆ. ಅಂಗನವಾಡಿ ನಡೆಸುವ ಅದೇ ಕಚೇರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಮುಂದಿನ ಸಭೆಗೆ ಬರುವಾಗ ನಿಮ್ಮ ತಾಲ್ಲೂಕಿನ ಸಿ.ಡಿ.ಪಿ.ಓ. ಕಚೇರಿಯ ಫೋನ್ ನಂಬರನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಕೇಳಿಕೊಂಡು ಬನ್ನಿ. ಸಂಘದ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡೋಣ. ಕಳೆದ ಎರಡು ಸಭೆಗೆ ಬಾರದ ಸದಸ್ಯೆ ಯಾರಾದರೂ ಇದ್ದರೆ, ಕಂತಿನ ಹಣ ಕೇಳುವ ನೆಪದಲ್ಲಿ ಅವಳ ಮನೆಗೊಮ್ಮೆ ಹೋಗಿ ಬನ್ನಿ.